ಟೈಮಕ್ಕನ ನಿಜವಾದ ಹನ್ನೊಂದು ಗಂಟೆ

ಹಲ್ಲಿನ ಆಸ್ಪತ್ರೆಗೆ ಯಾರೂ ಖುಷಿಯಿಂದ ಬರುವುದಿಲ್ಲ. ಅದಕ್ಕೇ ಯಾರೂ ಹೊತ್ತಿಗೆ ಸರಿಯಾಗಿಯೂ ಬರುವುದಿಲ್ಲ. ಒಬ್ಬರಿಗೆ ಬಸ್ಸು ತಪ್ಪಿರುತ್ತದೆ, ಇನ್ನೊಬ್ಬರ ಮನೆಗೆ ನೆಂಟರು ವಕ್ಕರಿಸಿರುತ್ತಾರೆ, ಮತ್ತೊಬ್ಬರು ಕೆಳಗಿನ ಮೆಟ್ಟಿಲವರೆಗೆ ಬಂದು, ಮೇಲೆ ಡ್ರಿಲ್ಲು ಕಿರ್ರೆನ್ನುವುದು ಕೇಳಿ ಬೆವರಿ, ಒಂದು ಸುತ್ತು ಹೊಡೆದು ಬರೋಣವೆಂದು ಮಾರುಕಟ್ಟೆಯ ಕಡೆ ಹೋಗಿಬಿಟ್ಟಿರುತ್ತಾರೆ. ಕೌಂಟರಿನಲ್ಲಿ ಕೂತ ಹೊಸತರಲ್ಲೇ ಟೈಮಕ್ಕ ಇದಕ್ಕೊಂದು ಉಪಾಯ ಕಂಡುಕೊಂಡಳು. ಡಾಕ್ಟರು ಹನ್ನೊಂದಕ್ಕೆ ನೋಡಬೇಕಾದ ರೋಗಿಗೆ ಅವಳು ಹತ್ತೂವರೆ ಎಂದು ಹೇಳುತ್ತಿದ್ದಳು. ರೋಗಿ ಏದುಸಿರು ಬಿಡುತ್ತಾ ಬಂದು, "ತಡವಾಯ್ತು ಅಕ್ಕ" ಎಂದರೆ, "ಪರವಾಗಿಲ್ಲ ಕೂತ್ಕೊಳ್ಳಿ, ಹೇಗೋ ಅಡ್ಜಸ್ಟ್ ಮಾಡ್ತೀನಿ" ಎಂದು ದೊಡ್ಡ ಮನಸ್ಸು ಮಾಡಿದವಳಂತೆ ಹೇಳುತ್ತಿದ್ದಳು. ಡಾಕ್ಟರು ಕೈಕಟ್ಟಿ ಕೂರುವುದು ತಪ್ಪಿತು, ರೋಗಿಯ ಮರ್ಯಾದೆಯೂ ಉಳಿಯಿತು. ಅವಳ ಹೆಸರು ಮರೆತು ಎಲ್ಲರೂ ಟೈಮಕ್ಕ ಎಂದು ಕರೆಯತೊಡಗಿದ್ದು ಆಗಿನಿಂದಲೇ.

ಇಷ್ಟಾದರೂ ತಡವಾಗಿ ಬರುವ ಗಟ್ಟಿಗರು ಇದ್ದೇ ಇರುತ್ತಾರೆ. ಅಂಥವರಿಗೆ ಅವಳದು ಒಂದೇ ಮಾತು: "ನಿಮ್ಮ ಟೈಮ್ ಮುಗೀತು. ಪಕ್ಕದಲ್ಲಿ ಕೂತಿರಿ, ಯಾರಾದ್ರೂ ಬರದಿದ್ರೆ ನೋಡೋಣ." ಹೇಳುವಾಗ ಅವರ ಮುಖ ನೋಡುವುದಿಲ್ಲ. ಭುಜದ ಮೇಲಿಂದ ಹಿಂದಿನವರನ್ನು ನೋಡುತ್ತಾಳೆ. ಮುಖ ನೋಡಿದರೆ ಮನಸ್ಸು ಕರಗುತ್ತದೆ, ಮನಸ್ಸು ಕರಗಿದರೆ ಹೊತ್ತಿಗೆ ಸರಿಯಾಗಿ ಬಂದವರು ಪಾಪ ಬೆಂಚಿನಲ್ಲೇ ಬೇರು ಬಿಡುತ್ತಾರೆ. ಹಾಗೆ ಕೂರಿಸಿದವರಲ್ಲಿ ಎರಡು ಬಗೆ. ಗಳಿಗೆಗೊಮ್ಮೆ ಎದ್ದು ಬಂದು ಕೌಂಟರು ತಟ್ಟುವವರು ಒಂದು ಬಗೆ, ಕಣ್ಣಿಗೆ ಬೀಳುವ ಹಾಗೆ ಎದುರಿಗೇ ಕೂತು ತುಟಿ ಪಿಟಕ್ಕೆನ್ನದವರು ಇನ್ನೊಂದು. ಜಾಗ ಖಾಲಿಯಾದಾಗ ಅವಳ ಕೈ ತಾನಾಗಿ ಕರೆಯುವುದು ಎರಡನೆಯವರನ್ನೇ.

ಉಪಾಯ ಆಸ್ಪತ್ರೆಯಲ್ಲೇ ಇದ್ದುಬಿಟ್ಟಿದ್ದರೆ ಚೆನ್ನಾಗಿತ್ತು. ಅದು ಅವಳ ಬ್ಯಾಗಿನೊಳಗೆ ಸೇರಿಕೊಂಡು ಮನೆಗೂ ಬಂತು. ಗಂಡ ಲಿಫ್ಟ್ ರಿಪೇರಿಯವನು. ದಾರಿಯಲ್ಲಿ ಯಾವುದಾದರೂ ಯಂತ್ರ ಕೆಮ್ಮಿದರೆ ಸಾಕು, ನಾಡಿ ಹಿಡಿಯದೆ ಮುಂದೆ ಹೋಗುವವನಲ್ಲ. ಅತ್ತೆ ಮನೆ ಬಿಟ್ಟು ಹೊರಡುವುದೆಂದರೆ ಹಡಗು ಬಂದರು ಬಿಟ್ಟ ಹಾಗೆ: ಮಂಡಿಗೆ ಪಟ್ಟಿ ಸುತ್ತಬೇಕು, ಗ್ಯಾಸ್ ಆರಿಸಿದ್ದನ್ನು ಮೂರು ಸಲ ನೋಡಬೇಕು, ಬಾಗಿಲು ಹಾಕಿದ ಮೇಲೆ ಕನ್ನಡಕ ನೆನಪಾಗಬೇಕು. ಹೀಗಾಗಿ ಮದುವೆಯ ಊಟವಿರಲಿ, ಮಗಳ ಶಾಲೆಯ ಮೀಟಿಂಗ್ ಇರಲಿ, ಟೈಮಕ್ಕ ಮನೆಯವರಿಗೂ ಅರ್ಧ ಗಂಟೆ ಮೊದಲಿನ ಟೈಮೇ ಹೇಳತೊಡಗಿದಳು.

ಆದರೆ ರೋಗಿ ವರ್ಷಕ್ಕೊಮ್ಮೆ ಬರುವವನು, ಮನೆಯವರು ದಿನಾ ನೋಡುವವರು. ಬೇಗನೆ ಗುಟ್ಟು ಹಿಡಿದುಬಿಟ್ಟರು. ಅವಳು ಆರು ಎಂದರೆ ಅತ್ತೆಯ ಲೆಕ್ಕದಲ್ಲಿ ಅದು ಆರೂವರೆ. ಅದು ಗೊತ್ತಾಗಿ ಅವಳು ಇನ್ನಷ್ಟು ಹಿಂದಕ್ಕೆ ಎಳೆದಳು, ಅವರು ಇನ್ನಷ್ಟು ಮುಂದಕ್ಕೆ ತಳ್ಳಿದರು. ಮನೆಯಲ್ಲಿ ಗೋಡೆ ಗಡಿಯಾರ ಒಂದೇ, ಟೈಮು ಮಾತ್ರ ತಲೆಗೊಂದು. ಕೊನೆಗೆ ಮಗಳೂ ಹಲ್ಲುಜ್ಜುತ್ತಾ ಕೇಳುವಂತಾಯಿತು: "ವ್ಯಾನ್ ಬರೋದು ನಿಜವಾದ ಎಂಟಕ್ಕಾ, ನಿನ್ನ ಎಂಟಕ್ಕಾ?"

ಎರಡೆರಡು ಗಡಿಯಾರಗಳನ್ನು ತಲೆಯಲ್ಲಿ ಹೊತ್ತು ತಿರುಗುವ ಆಯಾಸ ಎಂಥದೆಂದು ಹೊತ್ತವರಿಗೇ ಗೊತ್ತು. ಮೈ ಕೆಲಸ ಮಾಡಿ ದಣಿದರೆ ಮಲಗಿ ಏಳಬಹುದು. ಟೈಮಕ್ಕನ ದಣಿವು ಮಲಗಿದರೂ ಪಕ್ಕದಲ್ಲೇ ಕಣ್ಣು ಬಿಟ್ಟುಕೊಂಡು ಕೂತಿರುತ್ತಿತ್ತು.

ಮಗಳನ್ನು ಮನೆಯಲ್ಲಿ ಕಡ್ಡಿ ಎಂದು ಕರೆಯುತ್ತಾರೆ. ಉಣ್ಣುವುದು ಗುಬ್ಬಿಯಷ್ಟು, ಮಾತು ಮಾತ್ರ ಹೊಟ್ಟೆ ತುಂಬ. ಹೋದ ವರ್ಷದ ಶಾಲೆ ರಜೆಯಲ್ಲಿ ಅವಳನ್ನು ದೊಡ್ಡ ಆಟದ ಪಾರ್ಕಿಗೆ ಕರೆದೊಯ್ದಿದ್ದರು. ಅಲ್ಲಿ ಆಕಾಶದೋಣಿ ಎಂಬ ಆಟ. ದೊಡ್ಡ ಕಂಬವೊಂದಕ್ಕೆ ಪುಟ್ಟ ಪುಟ್ಟ ದೋಣಿಗಳು ತೂಗುಬಿದ್ದಿವೆ. ಕಂಬ ತಿರುಗುತ್ತಿದ್ದಂತೆ ಅವು ಮರಗಳ ತಲೆ ದಾಟಿ ಮೇಲೇರಿ ಗಾಳಿಯಲ್ಲಿ ತೇಲುತ್ತವೆ. ಬಾಗಿಲಲ್ಲಿ ಮರದ ಕರಡಿಯೊಂದು ಒಂದು ಕೈ ಚಾಚಿ ನಿಂತಿದೆ. ಆ ಕೈಗೆ ತಲೆ ತಾಗಿದವರಿಗೆ ಮಾತ್ರ ಪ್ರವೇಶ. ಕಡ್ಡಿ ತುದಿಗಾಲಲ್ಲಿ ನಿಂತಳು, ಕತ್ತು ಉದ್ದ ಮಾಡಿದಳು, ಕೊನೆಗೆ ಉಸಿರು ಬಿಗಿಹಿಡಿದಳು. ಕರಡಿಯ ಕೈಗೂ ಅವಳ ತಲೆಗೂ ನಡುವೆ ಎರಡು ಬೆರಳಷ್ಟು ಗಾಳಿ ಆಡುತ್ತಲೇ ಇತ್ತು. ಅಳಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ, ಎಲ್ಲರೂ ನಿದ್ದೆ ಹೋದರು ಅಂದುಕೊಂಡಾಗ, "ಕರಡೀದು ತಪ್ಪಿಲ್ಲ ಬಿಡು" ಎಂದು ತನಗೆ ತಾನೇ ಹೇಳಿಕೊಂಡಳು. ಆ ಮಾತು ಟೈಮಕ್ಕನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಚುಚ್ಚಿಕೊಂಡಿತು.

ಅಂದಿನಿಂದ ಕಡ್ಡಿ ಮನೆಯ ನಡುದಾರಿಯ ಸ್ವಿಚ್ ಬೋರ್ಡಿಗೆ ತಲೆ ಆನಿಸಿ ನಿಲ್ಲುವುದು ದಿನಚರಿಯಾಯಿತು. "ಕರೆಂಟ್ ಹೊಡೆದೀತು ಕಣೇ, ಈಚೆ ಬಾ" ಎಂದು ಅತ್ತೆ ಬೈಯುವುದೂ ದಿನಚರಿಯೇ. ಒಂದು ಬೆಳಗ್ಗೆ ಮಗಳ ನೆತ್ತಿ ಕೆಳಗಿನ ಸಾಲಿನ ಸ್ವಿಚ್ಚುಗಳನ್ನು ಮುಚ್ಚಿತು. ಗಂಡ ಟೇಪು ಹಿಡಿದು ಅಳೆದು, "ಈ ಸಲ ಕರಡೀನೇ ಕೈ ಎತ್ತಬೇಕು" ಎಂದ.

ಹೋಗುವುದೇನೋ ನಿಶ್ಚಯವಾಯಿತು. ಆದರೆ ಪಾರ್ಕು ಹೋದ ವರ್ಷದ ಹಾಗಿರಲಿಲ್ಲ. ಜನ ಮುಗಿಬೀಳುತ್ತಾರೆಂದು ಈಗ ಎಲ್ಲಕ್ಕೂ ಮುಂಗಡವಾಗಿಯೇ ಜಾಗ ಹಿಡಿಯಬೇಕು. ಒಳಗೆ ಹೋಗುವ ದಿನಕ್ಕೆ ಒಂದು ಬುಕಿಂಗು, ಹತ್ತಿರದ ಲಾಡ್ಜಿಗೆ ಇನ್ನೊಂದು, ಮಧ್ಯಾಹ್ನ ಊಟಕ್ಕೆ ಕೂರುವ ಮೇಜಿಗೆ ಮತ್ತೊಂದು, ಆಕಾಶದೋಣಿಯಂಥ ದೊಡ್ಡ ಆಟಗಳಿಗೆ ಬೇರೆಯೇ.

"ಆಟ ಆಡೋಕೂ ಅಪಾಯಿಂಟ್‌ಮೆಂಟಾ?" ಅತ್ತೆ ಬಾಯಿಗೆ ಕೈಯಿಟ್ಟರು. "ಉಯ್ಯಾಲೆ ಆಡೋಕೆ ಹೋಗ್ತಿದೀವೋ, ಹಲ್ಲು ಕೀಳಿಸೋಕೋ?"

"ನೀನೇ ಮಾಡಿಬಿಡೇ," ಎಂದ ಗಂಡ. "ದಿನಾ ಅದೇ ಕೆಲಸ ತಾನೇ? ನಿಂಗೆ ನೀರು ಕುಡಿದಷ್ಟು ಸುಲಭ."

ದಿನವಿಡೀ ಲಿಫ್ಟು ರಿಪೇರಿ ಮಾಡಿ ಬಂದವನಿಗೆ ಮನೆಯಲ್ಲಿ ಯಾರೂ ಇನ್ನೊಂದು ಲಿಫ್ಟು ಕೊಡುವುದಿಲ್ಲವಲ್ಲ ಎಂದು ಅವಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಜಗಳ ಆಡುವುದಕ್ಕೂ ಒಂದಿಷ್ಟು ತ್ರಾಣ ಬೇಕು.

ಆಟಗಳ ಬುಕಿಂಗು ತೆರೆಯುವುದು ಒಂದು ವಾರ ಮುಂಚೆ, ಬೆಳಗ್ಗೆ, ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿಗೇ. ಟೈಮಕ್ಕ ಫೋನನ್ನು ಅರ್ಧ ತೆರೆದ ಡ್ರಾಯರಿನಲ್ಲಿ, ಹತ್ತಿಯ ಪೊಟ್ಟಣಗಳ ಮೇಲೆ ಮಲಗಿಸಿಕೊಂಡಳು. 'ನೀವು ಸರದಿಯಲ್ಲಿದ್ದೀರಿ' ಎಂದು ಬಂತು. ಕೆಳಗೊಂದು ಗೆರೆ, ಗೆರೆಯ ಮೇಲೆ ಆಮೆಯ ಹಾಗೆ ನಡೆಯುವ ಪುಟ್ಟ ಮನುಷ್ಯ.

ಎದುರಿಗೆ ಒಬ್ಬ ದರ್ಜಿ ನಿಂತಿದ್ದ. ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ತೆರೆದಿದ್ದ ಇನ್ನೊಂದು ಕಣ್ಣು ನೇರ ಡ್ರಾಯರಿನೊಳಕ್ಕೆ ಇಳಿದಿತ್ತು.

"ಅದ್ಯಾರಕ್ಕ ನಡೀತಿರೋದು?"

"ನಾನೇ."

"ಸ್ವಲ್ಪ ಬೇಗ ನಡೀಬಾರದಾ?"

"ಮದುವೆ ಆದಾಗಿಂದ ಬೇಗಾನೇ ನಡೀತಿದೀನಿ. ಗೆರೇನೇ ಮುಗೀತಾ ಇಲ್ಲ."

ಒಳಗಿನಿಂದ ಡಾಕ್ಟರು, "ಮುಂದಿನವರು!" ಎಂದು ಕೂಗಿದರು. ಅದು ದರ್ಜಿಯ ಸರದಿ. ಅವನು ಗಾಬರಿಯಿಂದ ಕೈಯಾಡಿಸಿ, "ಬೇರೆ ಯಾರನ್ನಾದ್ರೂ ಕಳಿಸಿ ಅಕ್ಕ, ಇದು ಮುಗೀಲಿ. ಅರ್ಧದಲ್ಲಿ ಬಿಟ್ಟು ಹೋಗೋಕೆ ಮನಸ್ಸು ಬರ್ತಿಲ್ಲ" ಎಂದ. ನೋವಿಗಿಂತ ಡ್ರಿಲ್ಲಿನ ಹೆದರಿಕೆಯೇ ಹೆಚ್ಚಾಗಿತ್ತೆನ್ನಿ. ಪುಟ್ಟ ಮನುಷ್ಯ ಗೆರೆಯ ತುದಿ ಮುಟ್ಟಿದ. ಆಕಾಶದೋಣಿಯ ಟೈಮುಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು, ಹನ್ನೊಂದು ಗಂಟೆಯದೊಂದು ಬಿಟ್ಟು. ಅವಳ ಬೆರಳು ಅದನ್ನೇ ಒತ್ತಿತು. ಹಸಿರು ಗುರುತು ಬಿತ್ತು.

"ಸಿಕ್ತು!" ಎಂದು ಕಿರುಚಿದ ದರ್ಜಿ, ಬಾಯಿ ತೆರೆದ ತಪ್ಪಿಗೆ ಕೆನ್ನೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತ.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ರಾಮಾಯಣವೇ ಆಯಿತು. ಟೈಮಕ್ಕ ತನ್ನ ಪದ್ಧತಿಯಂತೆ ಬಸ್ಸಿನ ಹೊತ್ತನ್ನು ಹಿಂದಕ್ಕೆ ಎಳೆದು ಹೇಳಿದ್ದಳು. ಅಂದು ಎಂದೂ ಇಲ್ಲದ ಹಾಗೆ ಅತ್ತೆಗೆ ಕನ್ನಡಕ ಮೊದಲೇ ಸಿಕ್ಕಿತು, ದಾರಿಯಲ್ಲಿ ಯಾವ ಯಂತ್ರವೂ ಕೆಮ್ಮಲಿಲ್ಲ. ಬಿಸಿಲಲ್ಲಿ ಕಬ್ಬಿಣದ ಬೆಂಚಿನ ಮೇಲೆ ಕಾದೂ ಕಾದೂ ಅತ್ತೆಯ ಮಂಡಿ ಮರಗಟ್ಟಿತು.

"ಏನೇ ಇದು?" ಗಂಡ ಸಿಡುಕಿದ. "ನಾವೇನು ನಿನ್ನ ಪೇಷೆಂಟುಗಳಾ? ಒಂದು ಸಲನಾದ್ರೂ ನಿಜವಾದ ಟೈಮ್ ಹೇಳೋಕಾಗಲ್ವಾ?"

ಟೈಮಕ್ಕನಿಗೆ ಕೋಪ ಬರಬೇಕಿತ್ತು. ಬಂದದ್ದು ಒಂದು ಬಗೆಯ ನಿರಾಳ. ಬೇರೆಯವರ ಸಾಮಾನನ್ನು ಇಷ್ಟು ದಿನ ಹೊತ್ತಿದ್ದೆ, ಇಗೋ ಇಳಿಸಿಬಿಡು ಎಂದು ಯಾರೋ ಹೇಳಿದ ಹಾಗೆ.

"ಸರಿ ರೀ. ಇನ್ಮೇಲೆ ನಿಜಾನೇ ಹೇಳ್ತೀನಿ. ಅತ್ತೆ, ನೀವೂ ಕೇಳಿಸ್ಕೊಳ್ಳಿ. ನಾಳೆ ಆಕಾಶದೋಣಿ ಹನ್ನೊಂದಕ್ಕೆ. ಹನ್ನೊಂದು ಅಂದ್ರೆ ಹನ್ನೊಂದೇ."

"ಆಗ್ಲಮ್ಮ," ಎಂದರು ಅತ್ತೆ. ಗಂಡನೂ ಗೋಣು ಆಡಿಸಿದ.

ಮರುದಿನ ಬೆಳಗ್ಗೆ ಲಾಡ್ಜಿನ ಕೋಣೆಯಲ್ಲಿ ಟೈಮಕ್ಕ ಬ್ರೆಡ್ಡಿಗೆ ಜಾಮು ಹಚ್ಚುತ್ತಾ, ನೀರಿನ ಬಾಟಲಿ ತುಂಬಿಸುತ್ತಾ, ಕಡ್ಡಿಯ ಜಡೆ ಹೆಣೆಯುತ್ತಾ ಒಂದೇ ಮಂತ್ರ ಜಪಿಸಿದಳು: ಹನ್ನೊಂದು, ಹನ್ನೊಂದು. ಎಲ್ಲರೂ ಹೂಂಗುಟ್ಟಿದರು. ಅತ್ತೆ ಮಂಡಿಯ ಪಟ್ಟಿ ಬಿಚ್ಚಿ ಮತ್ತೆ ಸುತ್ತಿದರು. ಪಾರ್ಕಿನ ಗದ್ದಲಕ್ಕೆ ಕಿವಿಗಿಡಲು ಹತ್ತಿ ಬೇಕೆಂದು ಚೀಲದ ತಳವನ್ನೇ ಮಗುಚಿದರು. ಕೆಳಗಿಳಿಯುವಾಗ ಲಿಫ್ಟು ಕರಕರ ಎಂದಿತು.

"ಬೇರಿಂಗ್ ಹೋಗಿದೆ," ಎಂದ ಗಂಡ. ಅವನ ಮುಖದಲ್ಲಿ ಬೆಳಕು ಮೂಡಿತು. "ಮೇಲೊಂದ್ಸಲ ಹೋಗಿ ಬರ್ತೀನಿ ಇರು, ಎಲ್ಲಿ ಸದ್ದು ಬರ್ತಿದೆ ನೋಡ್ಬೇಕು."

"ರೀ, ಹನ್ನೊಂದಕ್ಕೆ..."

"ಗೊತ್ತು ಕಣೇ, ಗೊತ್ತು. ಇನ್ನೂ ಬೇಕಾದಷ್ಟು ಟೈಮಿದೆ."

ಪಾರ್ಕಿನ ಒಳಗೆ ಬಂದ ಮೇಲೆ ಅತ್ತೆ ಕಾರಂಜಿಯ ಕಟ್ಟೆ ನೋಡಿದ್ದೇ ತಡ, ಕೂತೇಬಿಟ್ಟರು. "ಒಂದೇ ನಿಮಿಷ, ಉಸಿರು ತಗೋತೀನಿ." ಟೈಮಕ್ಕ ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದು ಕೈಯಲ್ಲಿ ಚೀಲವನ್ನೂ ಹಿಡಿದು, ಹಗ್ಗ ಕಟ್ಟಿ ಎಳೆಯುವವಳ ಹಾಗೆ ಎಲ್ಲರನ್ನೂ ಎಳೆದುಕೊಂಡು ಹೋದಳು. ಆಕಾಶದೋಣಿಯ ಬಾಗಿಲ ಮೇಲೆ ದೊಡ್ಡ ಗಡಿಯಾರ. ಹನ್ನೊಂದು ಆಗಿಹೋಗಿ, ದೊಡ್ಡ ಮುಳ್ಳು ನೆತ್ತಿ ದಾಟಿ ಇಳಿಜಾರಿಗೆ ಬಿದ್ದಿತ್ತು.

ಕಡ್ಡಿ ಯಾವುದನ್ನೂ ನೋಡದೆ ಓಡಿಹೋಗಿ ಕರಡಿಯ ಕೈಕೆಳಗೆ ನಿಂತಳು. ಹಿಮ್ಮಡಿ ನೆಲಕ್ಕೆ ಊರಿಯೇ ಇತ್ತು. ತಲೆ ಕರಡಿಯ ಅಂಗೈಗೆ ಟಪ್ಪೆಂದು ತಾಗಿತು. "ಅಮ್ಮಾ, ತಾಗ್ತು!"

ಬಾಗಿಲಲ್ಲಿ ಟಿಕೆಟ್ ನೋಡುವ ಹುಡುಗಿ ಟೈಮಕ್ಕನ ಫೋನನ್ನು ಯಂತ್ರಕ್ಕೆ ತೋರಿಸಿದಳು. ಕೆಂಪು ದೀಪ ಹತ್ತಿತು. ಅವಳು ಟೈಮಕ್ಕನ ಭುಜದ ಮೇಲಿಂದ ಹಿಂದಿನವರನ್ನು ನೋಡುತ್ತಾ ಹೇಳಿದಳು:

"ನಿಮ್ಮ ಟೈಮ್ ಮುಗೀತು ಮೇಡಂ. ಪಕ್ಕದಲ್ಲಿ ಕೂತಿರಿ, ಯಾರಾದ್ರೂ ಬರದಿದ್ರೆ ನೋಡೋಣ."

ಅದೇ ಮಾತು. ಅದೇ ದನಿ. ಟೈಮಕ್ಕನಿಗೆ ಯಾರೋ ತನ್ನನ್ನೇ ಕನ್ನಡಿಯಲ್ಲಿ ಹಿಡಿದು ತೋರಿಸಿದಂತಾಯಿತು. ಗಂಡ ಮುಂದೆ ನುಗ್ಗಿದ.

"ಏನ್ರೀ ಇದು, ಇಷ್ಟೇ ಇಷ್ಟು ಲೇಟಾಗಿದ್ದಕ್ಕೆ? ಮಗು ಒಂದು ವರ್ಷದಿಂದ ಕಾದಿದೆ..."

"ರೀ, ಸುಮ್ಮನಿರಿ," ಎಂದಳು ಟೈಮಕ್ಕ. "ಅವಳ ತಪ್ಪಲ್ಲ. ಹಿಂದೆ ನಿಂತಿರೋರು ಹೊತ್ತಿಗೆ ಸರಿಯಾಗಿ ಬಂದೋರು."

ಗಂಡ ಅವಳನ್ನೂ ಗಡಿಯಾರವನ್ನೂ ಬದಲಿಸಿ ಬದಲಿಸಿ ನೋಡಿದ. "ಹಾಗಾದ್ರೆ ಹನ್ನೊಂದು ಅಂದಿದ್ದು ನಿಜವಾದ ಹನ್ನೊಂದಾ?"

"ನಿನ್ನೆ ಹೇಳಿದೆನಲ್ಲ, ನಿಜಾನೇ ಹೇಳ್ತೀನಿ ಅಂತ."

"ಅದೂ ನಿನ್ನ ಹೊಸ ಟ್ರಿಕ್ಕು ಅಂದ್ಕೊಂಡೆ ಕಣೇ," ಎಂದ ಅವನು.

"ನಾನೂ ಹಾಗೇ ಅಂದ್ಕೊಂಡೆ," ಎಂದು ಅತ್ತೆ ನೆಲ ನೋಡಿದರು.

ಕಡ್ಡಿ ಇನ್ನೂ ಕರಡಿಯ ಕೈಕೆಳಗೇ ನಿಂತಿದ್ದಳು. ಅಲ್ಲಿಂದ ಸರಿದರೆ ಬೆಳೆದದ್ದೆಲ್ಲ ಇಳಿದುಹೋದೀತೇನೋ ಎಂಬಂತೆ. ಟೈಮಕ್ಕ ಹೋಗಿ ಕೈ ಹಿಡಿದು ಕರೆತಂದಳು. ಆಗ ಅವಳ ಒಳಗಿದ್ದ ಕೌಂಟರಿನವಳು ಎಚ್ಚರವಾದಳು. ಊಟದ ಹೊತ್ತಿಗೆ ಎಂಥ ಗಟ್ಟಿ ಅಪಾಯಿಂಟ್‌ಮೆಂಟೂ ಸಡಿಲವಾಗುತ್ತದೆ. ಹಲ್ಲು ನೋವಿನವನೇ ತಟ್ಟೆ ಬಿಟ್ಟು ಏಳುವುದಿಲ್ಲ, ಇನ್ನು ಆಟಕ್ಕೆ ಬಂದವರು ಏಳುತ್ತಾರೆಯೇ?

"ಅತ್ತೆಯನ್ನ ಕರ್ಕೊಂಡು ನೀವು ನೆರಳಲ್ಲಿ ಕೂತಿದ್ದು, ಆಮೇಲೆ ಊಟಕ್ಕೆ ನಡೀರಿ. ಮೇಜು ಬುಕ್ ಆಗಿದೆ, ಅದನ್ನೂ ಕಳ್ಕೊಳ್ಳೋದು ಬೇಡ. ನಾವಿಬ್ರು ಇಲ್ಲೇ ಇರ್ತೀವಿ."

"ಹೊಟ್ಟೆಗೆ?"

"ಬ್ರೆಡ್ಡಿದೆ."

ಬಾಗಿಲಿನ ಹುಡುಗಿಯ ಕಣ್ಣಿಗೆ ನೇರ ಬೀಳುವ ಬೆಂಚೊಂದನ್ನು ಆರಿಸಿ ಮಗಳನ್ನು ಕೂರಿಸಿಕೊಂಡಳು.

"ಹೋಗಿ ಕೇಳೋಣ್ವಾ ಅಮ್ಮ?"

"ಬೇಡ. ಕೇಳಿದ್ರೆ ಸಿಗಲ್ಲ. ಸುಮ್ನೆ ಕೂತ್ಕೋ, ಅವಳಿಗೆ ಕಾಣೋ ಹಾಗೆ."

"ಅಳು ಮುಖ ಮಾಡ್ಲಾ?"

"ಅದೂ ಬೇಡ. ಅಳೋರನ್ನ ನೋಡೋಕೆ ಕಷ್ಟ ಅಂತ ಅವಳು ಈ ಕಡೆ ತಿರುಗೋದೇ ಇಲ್ಲ."

ಕೂತರು. ಸಾಲು ಉದ್ದವಾಯಿತು, ಗಿಡ್ಡವಾಯಿತು. ದೋಣಿಗಳು ಏರಿದವು, ಇಳಿದವು. ಇವರ ಹಾಗೆಯೇ ತಡವಾದವರೊಬ್ಬರು ಬಂದು ಹುಡುಗಿಯ ಹತ್ತಿರ ಜೋರು ಮಾಡಿ, ಮತ್ತೆ ಜೋರು ಮಾಡಿ, ಕಾಲು ಅಪ್ಪಳಿಸಿಕೊಂಡು ಹೋದರು. ಕಡ್ಡಿ ಬ್ರೆಡ್ಡಿನ ಅಂಚು ಕಚ್ಚುತ್ತಾ ಅವರನ್ನು ನೋಡಿ, ಅಮ್ಮನನ್ನು ನೋಡಿ, ಕೈಕಟ್ಟಿ ಇನ್ನಷ್ಟು ನೆಟ್ಟಗೆ ಕೂತಳು. ಬಿಸಿಲು ಬೆಂಚಿನ ಕಾಲಿನವರೆಗೆ ಬಂತು. ಟೈಮಕ್ಕನ ಕಣ್ಣೆವೆ ಸೀಸದಷ್ಟು ಭಾರವಾಗಿತ್ತು. ದೋಣಿಯಲ್ಲಿ ಮಗಳ ಪಕ್ಕ ತಾನೂ ಕೂತು, ಅವಳ ಸೊಂಟ ಬಳಸಿ ಹಿಡಿದು, ಮರಗಳ ಮೇಲೆ ಸ್ವಲ್ಪ ಹೊತ್ತು ಯಾರ ಕೈಗೂ ಸಿಗದೆ ತೇಲಬೇಕೆಂದು ಅವಳಿಗೂ ಆಸೆಯಿತ್ತು. ಯಾರಿಗೂ ಹೇಳಿರಲಿಲ್ಲ.

ಹುಡುಗಿಯ ಕೈ ಮೇಲೆದ್ದು ಕರೆಯಿತು. ಟೈಮಕ್ಕನಿಗೆ ಆ ಕೈ ಗೊತ್ತು.

"ಒಂದೇ ಸೀಟ್ ಇದೆ ಮೇಡಂ. ಇವಳಷ್ಟೇ ದೊಡ್ಡ ಹುಡುಗಿ ಒಬ್ಬಳಿದಾಳೆ ದೋಣೀಲಿ, ಅವಳ ಜೊತೆ ಕೂತ್ಕೋಬಹುದು. ಕರಡಿ ಕೈ ಮುಟ್ಟಿದೋರು ದೊಡ್ಡೋರಿಲ್ದೆ ಹೋಗಬಹುದು." ಈ ಸಲ ಅವಳು ಮುಖ ನೋಡಿಯೇ ಹೇಳಿದಳು. "ಕಳಿಸ್ತೀರಾ?"

ಕಡ್ಡಿ ತಲೆಯೆತ್ತಿ ಅಮ್ಮನನ್ನು ನೋಡಿದಳು. "ಹೋಗ್ಲಾ?"

ಟೈಮಕ್ಕ ಬಗ್ಗಿ ಮಗಳ ಜಡೆಯ ರಿಬ್ಬನ್ನು ಬಿಗಿಮಾಡಿದಳು. ಆಮೇಲೆ, "ಹೋಗು. ಕಂಬಿ ಗಟ್ಟಿಯಾಗಿ ಹಿಡ್ಕೋ. ಕೈ ಹೊರಗೆ ಹಾಕ್ಬೇಡ" ಎಂದಳು.

"ಕೈ ಬೀಸ್ಬೋದಾ?"

"ಒಂದೇ ಕೈ."

ದೋಣಿ ಮೇಲೇರಿತು. ಜಡೆಯ ಕೆಂಪು ರಿಬ್ಬನ್ನು ಮರದ ತಲೆಯಾಚೆ ಒಮ್ಮೆ ಮಿನುಗಿದ್ದನ್ನು ಕಂಡಳು. ಇನ್ನು ಮಾಡುವುದೇನೂ ಇರಲಿಲ್ಲ. ಹೊತ್ತು ನೋಡಬೇಕಾಗಿರಲಿಲ್ಲ, ಯಾರನ್ನೂ ಹೊರಡಿಸಬೇಕಾಗಿರಲಿಲ್ಲ. ಬೆನ್ನು ಬೆಂಚಿಗೆ ತಾಗಿತು, ಅಷ್ಟೇ ಅವಳಿಗೆ ನೆನಪು.

"ಅಮ್ಮ! ಅಮ್ಮಾ!"

ಕಣ್ಣು ಬಿಟ್ಟರೆ ಕಡ್ಡಿ ಎದುರಿಗೆ. ಕೂದಲೆಲ್ಲ ಗಾಳಿಗೆ ಕೆದರಿ ಮುಖ ಕೆಂಪೇರಿತ್ತು.

"ನಾನು ಕೈ ಬೀಸಿದ್ದು ನೋಡ್ದೆಯಾ?"

"ನೋಡಿದೆನಲ್ಲ. ಎಷ್ಟು ಚೆನ್ನಾಗಿ ಬೀಸ್ದೆ!"

"ಸುಳ್ಳು. ಮೇಲಿಂದ ಎಲ್ಲಾ ಕಾಣ್ಸುತ್ತೆ. ನೀನು ಬಾಯಿ ಬಿಟ್ಕೊಂಡು ಮಲಗಿದ್ದೆ, ಡಾಕ್ಟರ್ ಕುರ್ಚೀಲಿ ಕೂತೋರ ಹಾಗೆ. ಒಂದು ಸುತ್ತು ಬಂದೆ, ಮಲಗಿದ್ದೆ. ಇನ್ನೊಂದು ಸುತ್ತು ಬಂದೆ, ಇನ್ನೂ ಮಲಗಿದ್ದೆ." ಕಡ್ಡಿ ಅಮ್ಮನ ಪಕ್ಕ ಹತ್ತಿ ಕೂತು, ಸ್ವಲ್ಪ ದನಿ ತಗ್ಗಿಸಿ ಹೇಳಿದಳು: "ಆದ್ರೂ ಬೀಸ್ದೆ."

ಗಂಡ ಮತ್ತು ಅತ್ತೆ ಊಟ ಮುಗಿಸಿ ಬಂದರು. ಗಂಡನ ಕೈಯಲ್ಲಿ ಕಾಗದದ ಪೊಟ್ಟಣವಿತ್ತು. ಊಟದ ಮೇಜಿನಲ್ಲಿ ಉಳಿಸಿದ ಹುರಿದ ಆಲೂಗಡ್ಡೆ, ಕೇಕು ಎರಡನ್ನೂ ಒಟ್ಟಿಗೇ ಕಟ್ಟಿಸಿಕೊಂಡು ಬಂದಿದ್ದ. "ಸಿಕ್ತಾ?" ಎಂದು ಕೇಳುವ ಧೈರ್ಯವಾಗದೆ ಮಗಳ ಕೂದಲನ್ನು ನೋಡಿ ತಿಳಿದುಕೊಂಡು, ಪೊಟ್ಟಣವನ್ನು ಹೆಂಡತಿಯ ಮಡಿಲಲ್ಲಿಟ್ಟ.

"ವಾಪಸ್ ಬಸ್ಸು ಎಷ್ಟಕ್ಕೇ?"

"ಆರಕ್ಕೆ."

ತಾಯಿ ಮಗ ಮುಖ ಮುಖ ನೋಡಿಕೊಂಡರು. ಇಬ್ಬರ ತುಟಿಯೂ ಲೆಕ್ಕ ಹಾಕಲು ಹೊರಟಿತ್ತು.

"ನಿಜವಾದ ಆರು," ಎಂದಳು ಕಡ್ಡಿ.

"ಹಾಗಾದ್ರೆ ಈಗ್ಲೇ ಹೊರಡೋಣಪ್ಪ," ಎಂದು ಅತ್ತೆ ಪಟ್ಟಿ ಬಿಗಿಮಾಡಿಕೊಳ್ಳಲು ಬಗ್ಗಿದರು. ಊಟದ ಹೊತ್ತು ಆಗತಾನೇ ಮುಗಿದಿತ್ತು. ಗಂಡ ನಕ್ಕುಬಿಟ್ಟ. ತನ್ನ ಫೋನು ತೆಗೆದು, ಜೀವಮಾನದಲ್ಲೇ ಮೊದಲ ಸಲ ತಾನೇ ಅಲಾರಂ ಇಟ್ಟುಕೊಂಡ. ಎಷ್ಟು ಗಂಟೆಗೆಂದು ಟೈಮಕ್ಕ ಬಗ್ಗಿ ನೋಡಲಿಲ್ಲ.

ಅತ್ತೆ ತಮ್ಮ ಕಿವಿಯಿಂದ ಹತ್ತಿ ತೆಗೆದರು. ಏನೋ ನೆನಪಾಗಿ ಅದನ್ನು ಬಿಸಾಡಿ, ಚೀಲದಿಂದ ಹೊಸ ಹತ್ತಿ ಕಿತ್ತು ಉಂಡೆ ಮಾಡಿ ಸೊಸೆಯ ಅಂಗೈಗಿಟ್ಟರು.

"ಹಾಕ್ಕೊಳ್ಳಮ್ಮ. ಸ್ವಲ್ಪ ಹೊತ್ತು ನಮ್ಮ್ಯಾರ ಮಾತೂ ಕೇಳಿಸ್ಕೋಬೇಡ. ಇವಳನ್ನ ಆ ತಿರುಗೋ ಮರದ ಕುದುರೆ ಮೇಲೆ ಕೂರ್ಸಿ ನಾವೇ ಬರ್ತೀವಿ."

ಟೈಮಕ್ಕ ಹತ್ತಿಯನ್ನು ಕಿವಿಗೆ ತುರುಕಿಕೊಂಡಳು. ಪಾರ್ಕು ನೀರಿನೊಳಗೆ ಮುಳುಗಿದ ಹಾಗೆ ದೂರವಾಯಿತು. ಮೂವರೂ ಕುದುರೆಗಳ ಕಡೆ ಹೊರಟರು. ನಡುವೆ ಗಂಡ ಎಲ್ಲೋ ಯಂತ್ರದ ಸದ್ದು ಕೇಳಿ ನಿಂತದ್ದು, ಕಡ್ಡಿ ಅವನ ಅಂಗಿ ಜಗ್ಗಿ ಎಳೆದದ್ದು ಕಾಣಿಸಿತು. ಅವಳು ಒಂದು ತುಂಡು ತಣ್ಣನೆಯ ಆಲೂಗಡ್ಡೆಯನ್ನು ಬಾಯಿಗೆ ಹಾಕಿಕೊಂಡಳು, ಕೇಕಿನ ಸಿಹಿ ಮೆತ್ತಿಕೊಂಡಿತ್ತು. ಅಗಿಯುತ್ತಾ ಅಗಿಯುತ್ತಾ ಮತ್ತೆ ಬೆಂಚಿಗೆ ಒರಗಿದಳು.